ಕಾಯುವ ಚುಕ್ಕೆ

ಎರಡನೇ ಮಹಾಯುದ್ಧ ಮುಗಿದು ಮುಂಬೈಯಲ್ಲಿ ಮಿಲಿಟರಿ ಸಾಮಾನು ಹರಾಜಿಗೆ ಬಂದಾಗ, ನಮ್ಮ ಧಾರವಾಡದ ಕಾಲೇಜಿಗೊಂದು ಆಸಿಲೋಸ್ಕೋಪ್ ತರಿಸಲೇಬೇಕೆಂದು ಹಟ ಹಿಡಿದವಳು ನಾನು. ಪ್ರಯೋಗಾಲಯದಲ್ಲಿ ಆಗ ನಾನೊಬ್ಬಳೇ ಹೆಣ್ಣು ಡೆಮಾನ್‌ಸ್ಟ್ರೇಟರ್. ಅಂಗೈಯಗಲದ ಗಾಜಿನ ಮೇಲೆ ಹಸಿರು ಚುಕ್ಕೆಯೊಂದು ಎಡದಿಂದ ಬಲಕ್ಕೆ ಓಡುತ್ತ ದನಿಯ ಅಲೆಯನ್ನೇ ಬರೆದು ತೋರಿಸುತ್ತದೆ ಎಂದು ಊರೆಲ್ಲ ಸಾರಿದ್ದೆ.

ಅದು ಬರೆಯಿತೇನೋ ಖರೆ, ನಿಲ್ಲಲಿಲ್ಲ. ಟ್ಯೂನಿಂಗ್ ಫೋರ್ಕ್ ಬಡಿದು ಮೈಕಿನ ಮುಂದೆ ಹಿಡಿದರೆ ಅಲೆ ಜಾರಿಕೊಂಡು ಹೋಗುತ್ತಿತ್ತು. ಚುಕ್ಕೆಯ ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹಿಮ್ಮುಖವಾಗಿ ಹೊರಡುತ್ತಿತ್ತು. ಟ್ರಿಗರ್ ಎಂದು ಬರೆದ ಸ್ವಿಚ್ಚೂ ಇತ್ತು. ಅದನ್ನು ಹಾಕಿದರೆ ಪರದೆ ಪೂರಾ ಕತ್ತಲೆ. ಆ ಭಾಗ ಕೆಟ್ಟಿದೆ ಎಂದು ತೀರ್ಪು ಕೊಟ್ಟವಳೂ ನಾನೇ.

ಶನಿವಾರ ಪ್ರೊಫೆಸರರು ಬಂದು ನೋಡಿ, ಸೋಮವಾರ ಇದನ್ನು ಸ್ಟೋರಿಗೆ ಹಾಕಿಸೋಣ, ಇನ್ನು ಮುಂದೆ ಏನು ತರಿಸಬೇಕೆಂಬುದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರು. ಪೆಟ್ಟಿಗೆಯ ಜೊತೆ ನನ್ನ ಮಾತೂ ಸ್ಟೋರು ಸೇರುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಅಪ್ಪನ ಸಂಗೀತಪಾಠ. ನನಗೆ ಹನ್ನೆರಡಾದಾಗ, ಈ ಹುಡುಗಿಗೆ ಕಂಠವಿದೆ, ತಾಳವಿಲ್ಲ ಎಂದು ಬಂದವರೆದುರೇ ಹೇಳಿ ಅಪ್ಪ ನನ್ನ ಪಾಠ ನಿಲ್ಲಿಸಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು. ಈಗ ಹುಬ್ಬಳ್ಳಿಯ ದುರ್ಗದಬೈಲಿನ ಅರಿವೆ ವ್ಯಾಪಾರಿಯೊಬ್ಬರು ರೈಲಿನಲ್ಲಿ ಬಂದು ಕಲಿಯುತ್ತಿದ್ದರು. ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಸೇರಲು ಪಾಪ, ಒಮ್ಮೆ ಓಡುವರು, ಒಮ್ಮೆ ಎಳೆಯುವರು. ಅಪ್ಪ ಕೈಯೆತ್ತಿ ತಡೆದರು.

"ತಬಲಾದ ಬೆನ್ನ ಹತ್ತಬ್ಯಾಡ್ರಿ. ಸಮ್ ತಿರುಗಿ ಬರೂತನಕಾ ಸುಮ್ನ ಕೂಡ್ರಿ. ಬಂದಕೂಡ್ಲೆ ಎತ್ರಿ."

ಅವಲಕ್ಕಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಟ್ರಿಗರ್ ಕೆಟ್ಟಿರಲಿಲ್ಲ, ಚುಕ್ಕೆ ಕಾಯುತ್ತಿತ್ತು! ಅಲೆಯ ವೇಗಕ್ಕೆ ಅದು ಓಡಬೇಕಾಗಿಯೇ ಇರಲಿಲ್ಲ. ಅಲೆ ಗೊತ್ತುಮಾಡಿದ ಎತ್ತರಕ್ಕೆ ಏರಿದಾಗಲೆಲ್ಲ ಅಲ್ಲಿಂದಲೇ ಹೊರಟರೆ ಸಾಕು, ಒಂದರ ಮೇಲೊಂದು ಅದೇ ಗೆರೆ ಬೀಳುತ್ತದೆ. ಆ ಎತ್ತರವನ್ನು ಗೊತ್ತುಮಾಡುವ, ಟ್ರಿಗರ್ ಪಕ್ಕದ ಗುಂಡಿಯನ್ನು ನಾನು ತುದಿಗೆ ತಿರುಗಿಸಿಟ್ಟಿದ್ದೆ. ಫೋರ್ಕಿನ ಸಣ್ಣ ಅಲೆ ಅಷ್ಟು ಮೇಲೆ ಯಾವತ್ತೂ ಮುಟ್ಟುತ್ತಿರಲಿಲ್ಲ.

ಸೋಮವಾರ ಸ್ಟೋರಿನ ಕೀಲಿ ತಂದ ಜವಾನನನ್ನು ನಿಲ್ಲಿಸಿ, ಟ್ರಿಗರ್ ಹಾಕಿ, ಫೋರ್ಕ್ ಬಡಿದು, ಎತ್ತರ ಇಳಿಸುತ್ತ ಬಂದೆ. ಅಲೆ ಮೊಳೆ ಹೊಡೆದಂತೆ ನಿಂತಿತು. ಪ್ರೊಫೆಸರರು ಚಷ್ಮಾ ಒರೆಸಿಕೊಂಡು ಎರಡು ಸಲ ನೋಡಿದರು. ಆಮೇಲೆ ಜವಾನ ಕೀಲಿ ಹಿಡಿದು ವಾಪಸು ಹೋದ.

ಮರುವಾರ ಅಪ್ಪನನ್ನೇ ಪ್ರಯೋಗಾಲಯಕ್ಕೆ ಕರೆತಂದು, ಪ್ರೊಫೆಸರರೂ ವಿದ್ಯಾರ್ಥಿಗಳೂ ನೋಡುತ್ತಿದ್ದಂತೆ ಷಡ್ಜ ಹಾಡಿಸಿದೆ. ಅಲೆ ನಿಂತಿತು. ಉಸಿರು ಮುಗಿದಾಗ ಪರದೆ ಕತ್ತಲಾಯಿತು. ಮತ್ತೆ ದನಿ ಎತ್ತಿದಾಗ ಅಲೆ ಅದೇ ಜಾಗದಿಂದ ಮೂಡಿತು. ಈ ನಡುವೆ ಚುಕ್ಕೆ ಏನು ಮಾಡುತ್ತಿತ್ತು ಎಂದು ಅಪ್ಪ ಕೇಳಿದರು. ಕಾಯುತ್ತಿತ್ತು ಎಂದೆ.

ಅಪ್ಪ ಎಲ್ಲರೆದುರೇ ನನ್ನ ಕಡೆ ತಿರುಗಿದರು. "ತಾಳ ಇಲ್ಲಂತ ಅಂದಿದ್ನಲ್ಲವ್ವಾ ನಿನಗ. ತಪ್ಪು ನಂದು. ನಾನ ಕಾಯಲಿಲ್ಲ."