ಹನುಮವ್ವ ಕಲಿಸಿದ ಬಗ್ಗುವ ಪಾಠ

1968ರ ಆಗಸ್ಟ್ ತಿಂಗಳು, ಬೆಳಿಗ್ಗೆ ಆರು ಗಂಟೆ. ಗೊರೇಬಾಳದ ಹತ್ತಿರ ಕಾಲುವೆಯ ತೂಬಿನ ಮೇಲೆ ನಾನಿದ್ದೆ. ಪಕ್ಕದ ಗದ್ದೆಯಲ್ಲಿ ಹನುಮವ್ವ ಮತ್ತು ಅವಳ ಜೊತೆಯ ಎಂಟು ಹೆಂಗಸರು ಭತ್ತದ ಸಸಿ ಹಚ್ಚುತ್ತಿದ್ದರು. ತೂಬಿನ ಬಾಗಿಲು ಎತ್ತಿ ಇಳಿಸುವ ಲಸ್ಕರ್ ಕೆಲಸ ನನ್ನದು. ಬಾಗಿಲೆತ್ತುವ ಕಬ್ಬಿಣದ ಚಾವಿ ತಿರುವಲು ಬಗ್ಗಿದವನು ಮೇಲೇಳಲಿಲ್ಲ. ಸೊಂಟ ಹಿಡಿದುಬಿಟ್ಟಿತ್ತು. ಆ ಹೆಂಗಸರೇ ನನ್ನನ್ನು ಕ್ವಾರ್ಟರ್ಸಿಗೆ ಮುಟ್ಟಿಸಿದರು.

ಲಿಂಗಸುಗೂರಿನ ಡಾಕ್ಟರು, "ಎಲುಬಿಗೆ ಏನೂ ಆಗಿಲ್ರೀ. ಎರಡು ದಿನ ಮಲಗ್ರಿ, ಆಮ್ಯಾಲೆ ಸಾವಕಾಶ ಅಡ್ಡಾಡ್ರಿ" ಎಂದರು. ಎರಡು ದಿನ ಒಳ್ಳೆಯದಾದರೆ ಇಪ್ಪತ್ತು ದಿನ ಇನ್ನೂ ಒಳ್ಳೆಯದೆಂದು ನಾನೇ ತೀರ್ಮಾನಿಸಿದೆ. ಗಡಿಯಾರ ನೋಡಿಕೊಂಡು ಎಡ ಮಗ್ಗುಲು ಒಂದು ತಾಸು, ಬಲ ಮಗ್ಗುಲು ಒಂದು ತಾಸು ಮಲಗಿದೆ. ಸೊಂಟ ಹಲಗೆಯಾಯಿತು. ಅಷ್ಟರಲ್ಲಿ ನೀರಾವರಿ ಇಲಾಖೆಯ ಸೆಕ್ಷನ್ ಆಫೀಸರು ಬಂದು, "ಹದಿನೈದು ದಿನ ಬಿಟ್ಟು ಬರ್ತೀನಿ. ನನ್ನ ಮುಂದೆ ಬಾಗಿಲು ಎತ್ತಬೇಕು. ಇಲ್ಲಾಂದ್ರೆ ಬೇರೆಯವರನ್ನ ಹಾಕ್ತೀನಿ" ಎಂದು ಹೇಳಿ ಹೋದರು. ಕೆಲಸ ಹೋದರೆ ಇದ್ದ ಮನೆಯೂ ಹೋದಂತೆ.

ನನ್ನನ್ನು ನೋಡಲು ಬಂದ ಹನುಮವ್ವ ನಕ್ಕಳು. "ಏನ್ರೀ ಅಣ್ಣಾರ, ಮಲಗಾಕೂ ಡ್ಯೂಟಿ ಹಾಕ್ಕೊಂಡೀರೇನು? ನಾವು ಹೊತ್ತು ಹುಟ್ಟಿದಾಗಿಂದ ಬಗ್ಗೇ ಇರತೀವಿ. ನಮ್ಮ ನಡ ಮುರದೈತೇನು?"

"ಮತ್ತ ಹೆಂಗ ಬಗ್ಗತೀರಿ?"

"ನೀವು ನಡದಾಗ ಬಗ್ಗತೀರಿ. ಮಣಕಾಲು ಸಡ್ಲ ಬಿಡ್ರಿ, ಕುಂಡಿ ಹಿಂದಕ್ಕ ದಬ್ರಿ. ಸಾಲು ಮುಗದ ಕೂಡ್ಲೆ ನೆಟ್ಟಗ ನಿಂತು, ನಡಕ್ಕ ಕೈ ಕೊಟ್ಟು ಹಿಂದಕ್ಕ ಬಾಗ್ರಿ."

ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಮರುದಿನದಿಂದ ಬೆಳಿಗ್ಗೆ ಐದೂವರೆಗೆ ಹತ್ತು ಸಲ, ಸಂಜೆ ಹತ್ತು ಸಲ ಬಗ್ಗಿ ಎದ್ದೆ, ಗೋಡೆ ಹಿಡಿದುಕೊಂಡೇ. ಮೊದಲ ನಾಲ್ಕು ದಿನ ಕಣ್ಣಲ್ಲಿ ನೀರು ಬಂತು. ಕಾಲುವೆಯ ಏರಿಯ ಮೇಲೆ ಮೊದಲು ಬೇವಿನ ಮರದವರೆಗೆ, ವಾರ ಕಳೆದ ಮೇಲೆ ಸೇತುವೆಯವರೆಗೆ ನಡೆದೆ.

ಆಫೀಸರು ಬಂದ ದಿನ ಹೆಂಗಸರು ಅದೇ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ತೂಬಿನ ಮುಂದೆ ನಿಂತವನು ಅಂಜಿಕೆಯಿಂದ ಕಲಿತದ್ದೆಲ್ಲ ಮರೆತು, ಹಳೆಯ ರೀತಿಯಲ್ಲೇ ಬಗ್ಗಹೊರಟೆ. ಗದ್ದೆಯಿಂದ ಒಂಬತ್ತು ದನಿಗಳು ಒಟ್ಟಿಗೆ ಕೂಗಿದವು: "ಅಣ್ಣಾರ, ಮಣಕಾಲು!"

"ಯಾರ್ರೀ ಅವರು?" ಎಂದರು ಆಫೀಸರು.

"ನನ್ನ ಡಾಕ್ಟರುಗಳು, ಸಾಹೇಬ್ರ" ಎಂದೆ.

ಮೊಣಕಾಲು ಸಡಿಲಿಸಿ ಚಾವಿ ತಿರುವಿದೆ. ಬಾಗಿಲು ಎದ್ದಿತು, ನೀರು ಹೆಂಗಸರಿದ್ದ ಗದ್ದೆಗೇ ಓಡಿತು. "ಇವತ್ತಿಂದಲೇ ಡ್ಯೂಟಿ ಹಿಡೀರಿ" ಎಂದು ಆಫೀಸರು ಸೈಕಲ್ ಹತ್ತಿದರು.

ಈಗಲೂ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿದರೆ ಆ ಕೂಗು ಕಿವಿಗೆ ಬೀಳುತ್ತದೆ, ಮೊಣಕಾಲು ತಾನಾಗಿ ಸಡಿಲವಾಗುತ್ತದೆ. ಆಫೀಸರು ಬಂದುಹೋದ ಆ ಸಂಜೆ ಆರಕ್ಕೆ ಬಾಗಿಲು ಇಳಿಸಿ, ಚಾವಿಯನ್ನು ಮೊಳೆಗೆ ತೂಗುಹಾಕಿ, ಹತ್ತು ಸಲ ಬಗ್ಗಿ ಎದ್ದೆ. ಗೋಡೆ ಹಿಡಿಯಲಿಲ್ಲ.