ತಪ್ಪಾಯ್ತಮ್ಮ

ಬೆಟ್ಟದ ಬುಡದ ಆ ಹೋಟೆಲಿನಲ್ಲಿ ಅಡುಗೆಗೆ ಒಬ್ಬಳು, ಬಟ್ಟೆ ಒಗೆಯುವುದಕ್ಕೆ ಒಬ್ಬ, ಪೆಟ್ಟಿಗೆ ಹೊರುವುದಕ್ಕೆ ಇಬ್ಬರು ಇದ್ದ ಹಾಗೆಯೇ ತಪ್ಪು ಒಪ್ಪಿಕೊಳ್ಳುವುದಕ್ಕೆ ಅಂತಲೇ ಒಬ್ಬಳಿದ್ದಳು. ಹೆತ್ತವರು ಅವಳಿಗೊಂದು ಹೆಸರು ಇಟ್ಟಿದ್ದರು, ಇಲ್ಲವೆಂದಲ್ಲ. ಆದರೆ ಬಸ್ಸು ನಿಲ್ಲುವ ಕಟ್ಟೆಯಿಂದ ಬೆಟ್ಟದ ಮೊದಲ ಮೆಟ್ಟಿಲ ತನಕ ಯಾರನ್ನು ಕೇಳಿದರೂ ಅವಳು ತಪ್ಪಾಯ್ತಮ್ಮ.

ಆ ಬೆಟ್ಟದ ನೆತ್ತಿಯ ಮೇಲೆ ಒಂದು ಹಾಳೂರು. ಯಾವ ಕಾಲದಲ್ಲೋ ಯಾವನೋ ದೊರೆ ಕಟ್ಟಿಸಿದ, ಇನ್ಯಾವನೋ ಬಂದು ಕೆಡವಿದ. ಕಟ್ಟಿದವನೂ ಉಳಿಯಲಿಲ್ಲ, ಕೆಡವಿದವನೂ ಉಳಿಯಲಿಲ್ಲ. ಇಬ್ಬರ ಹೆಸರಿನಲ್ಲಿ ಹೋಟೆಲಿನ ಮಾಲೀಕ ಚೆನ್ನಾಗಿ ಉಣ್ಣುತ್ತಿದ್ದ. ತಮ್ಮ ಮನೆಯ ಗೋಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮೇಸ್ತ್ರಿಯ ಜನ್ಮ ಜಾಲಾಡುವ ಜನ ಇಲ್ಲಿಗೆ ಬಂದು, ಪೂರ್ತಿ ಬಿದ್ದ ಗೋಡೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನಿಂತು ಫೋಟೊ ಹಿಡಿಸಿಕೊಂಡು, ಕಾಲೆಳೆದುಕೊಂಡು ಇಳಿದು ಬಂದು, ಹೋಟೆಲಿನ ಕೌಂಟರಿನ ಮುಂದೆ ಜಗಳ ತೆಗೆಯುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹತ್ತಿ ನೋಡಿದ ಮೇಲೆ ಅದು ಯಾಕೆ ನುಣ್ಣಗಿಲ್ಲ ಎಂದು ಮೇಜು ಗುದ್ದುವವರಿಗೆ ಏನು ಹೇಳಬೇಕು ಎಂಬುದನ್ನು ಹೇಳಿಟ್ಟಿಲ್ಲ. ಅದಕ್ಕೇ ತಪ್ಪಾಯ್ತಮ್ಮ ಬೇಕಾದದ್ದು.

ಮೊದಮೊದಲು ಅವಳು ಅಲ್ಲಿ ನೆಲ ಒರೆಸುತ್ತಿದ್ದಳು. ಒಂದು ಬೆಳಿಗ್ಗೆ ಮಾಲೀಕ ಚಹಾ ಚೆಲ್ಲಿ ಹಾಗೇ ಬಿಟ್ಟುಹೋದ ಜಾಗದಲ್ಲಿ ದಪ್ಪನೆಯ ಗಿರಾಕಿಯೊಬ್ಬ ಜಾರಿ ಕೂತ. ಕೂತಲ್ಲಿಂದಲೇ ಅವನು ಕೂಗಿದ ಕೂಗಿಗೆ ಮೇಲಿನ ಹಾಳೂರಿನಲ್ಲಿ ಉಳಿದ ನಾಲ್ಕು ಗೋಡೆಯೂ ಬೀಳಬೇಕಿತ್ತು. ಮಾಲೀಕ ಕೌಂಟರಿನ ಹಿಂದೆ ಬಗ್ಗಿ ಏನನ್ನೋ ಹುಡುಕತೊಡಗಿದ. ಇವಳು ಬಕೆಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, "ತಪ್ಪಾಯ್ತು ಸಾರ್, ನಮ್ಮಿಂದ ತಪ್ಪಾಯ್ತು" ಅಂದಳು. ಅಂದದ್ದು ಅಷ್ಟೇ. ಅಂದ ರೀತಿ ಮಾತ್ರ, ಆ ಮನುಷ್ಯ ಹುಟ್ಟಿದಂದಿನಿಂದ ಎಲ್ಲೆಲ್ಲಿ ಬಿದ್ದಿದ್ದನೋ ಅದಕ್ಕೆಲ್ಲ ತಾನೇ ಹೊಣೆ ಎನ್ನುವ ಹಾಗಿತ್ತು. ಅವನು ಎದ್ದ. ಪ್ಯಾಂಟು ಕೊಡವಿಕೊಂಡ. "ಇರಲಿ ಬಿಡಮ್ಮ, ನಾನೂ ನೋಡ್ಕೊಂಡು ನಡೀಬೇಕಿತ್ತು" ಅಂದ. ಕೌಂಟರಿನ ಮೇಲೆ ಮಾಲೀಕನ ತಲೆ ಮೆಲ್ಲಗೆ ಮೂಡಿತು.

ಮರುದಿನವೇ ಅವಳ ಕೈಯಿಂದ ಬಕೆಟ್ಟು ಹೋಯಿತು. ಕೌಂಟರಿನ ಪಕ್ಕ ಒಂದು ಕುರ್ಚಿ ಬಂತು, ಹೋಟೆಲಿನ ಗುರುತು ಹೆಣೆದ ಬೂದು ಸ್ವೆಟರು ಬಂತು.

"ನೀವೇನೂ ಮಾಡೋದು ಬೇಡಮ್ಮ," ಅಂದ ಮಾಲೀಕ. "ಯಾರಾದ್ರೂ ಕೂಗಾಡಿದ್ರೆ ಎದ್ದು ಆ ಮಾತು ಹೇಳ್ಬಿಡಿ. ರಿಪೇರಿ ಮಾಡ್ಸೋದಕ್ಕಿಂತ ಇದೇ ವಾಸಿ."

ಯಾವ ಕೆಲಸಕ್ಕಾದರೂ ಒಂದು ಹದ ಉಂಟಲ್ಲ, ಅವಳು ಅದನ್ನು ಬೇಗ ಕಂಡುಕೊಂಡಳು. ಆರಿಹೋದ ಚಹಾಕ್ಕೆ ಸಣ್ಣ ತಪ್ಪಾಯ್ತು. ಕುರ್ಚಿಯಿಂದ ಅರ್ಧ ಎದ್ದರೆ ಸಾಕು. ಸ್ನಾನಕ್ಕೆ ನೀರು ಬಾರದಿದ್ದರೆ ಪೂರ್ತಿ ಎದ್ದು ಕೈ ಕಟ್ಟಬೇಕು. ಮಂಜು ಕವಿದು ಹಾಳೂರು ಕಾಣದೆ ಹೋದರೆ ಎಲ್ಲಕ್ಕಿಂತ ದೊಡ್ಡದು. ಕೈ ಕಟ್ಟಿ, ತಲೆ ತಗ್ಗಿಸಿ, ಒಂದು ಉಸಿರು ಬಿಟ್ಟು, ಆ ಮಂಜನ್ನು ತಾನೇ ಹಸಿ ಸೌದೆ ಊದಿ ಎಬ್ಬಿಸಿದವಳ ಹಾಗೆ ನಿಲ್ಲುತ್ತಿದ್ದಳು.

ದೂರಿಗೇನು ಬರ? "ಫೋಟೊದಲ್ಲಿ ಇದಕ್ಕಿಂತ ದೊಡ್ಡದಾಗಿ ಕಾಣ್ತಿತ್ತು" ಎಂದ ಒಬ್ಬ. "ಇಷ್ಟು ದುಡ್ಡು ತಗೋತೀರಾ, ಮೇಲೊಂದು ಚಾವಣಿ ಹಾಕ್ಸೋಕೆ ಏನು ರೋಗ ನಿಮಗೆ? ಎಲ್ಲಾ ಬಿದ್ದುಹೋಗಿದೆ!" ಎಂದು ಒಬ್ಬಾಕೆ ರೇಗಿದಳು. ಇಟ್ಟಿಗೆ ಗಾತ್ರದ ಪುಸ್ತಕ ಹಿಡಿದ ಪಂಡಿತನೊಬ್ಬ, ಅಂಥ ಏಕಾಂತದ ಜಾಗದಲ್ಲಿ ತನ್ನನ್ನು ಬಿಟ್ಟು ಬೇರೆಯವರೂ ಇದ್ದರೆಂದು ಮುನಿಸಿಕೊಂಡ. ಹೊಸದಾಗಿ ಮದುವೆಯಾದ ಹುಡುಗಿ, ಅಷ್ಟೂ ಮೆಟ್ಟಿಲು ಹತ್ತುವಾಗ ಗಂಡ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ ಎಂದು ಅತ್ತಳು. ತಪ್ಪಾಯ್ತಮ್ಮ ಚಾವಣಿಗೂ ತಪ್ಪಾಯ್ತು ಅಂದಳು, ಜನಕ್ಕೂ ಅಂದಳು, ಆ ಗಂಡನ ಪರವಾಗಿಯೂ ಅಂದಳು. ಗಂಡ ಪಕ್ಕದಲ್ಲೇ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ. ಹೊರಡುವಾಗ ಎಲ್ಲರೂ "ಆ ಅಮ್ಮ ಎಷ್ಟು ಒಳ್ಳೆಯವರು" ಎಂದು ಹೊಗಳಿಯೇ ಹೊರಡುತ್ತಿದ್ದರು. ಕೊಳಾಯಿ ಮಾತ್ರ ತನ್ನ ಪಾಡಿಗೆ ತೊಟ್ಟಿಕ್ಕುತ್ತಲೇ ಇತ್ತು.

ಅವಳ ಗಂಡ ಗಾರೆ ಕೆಲಸದವನು. ಒಮ್ಮೆ ಊಟಕ್ಕೆ ಕೂತಾಗ ಕೇಳಿದ: "ಊರಿಗೆಲ್ಲ ಹಂಚ್ತೀಯಲ್ಲ, ಮನೇಲಿ ಒಂದು ದಿನನಾದ್ರೂ ಆ ಮಾತು ಕೇಳಿದ್ದೀನಾ ನಾನು?"

"ಮನೇಲಿ ಅದಕ್ಕೆ ಸಂಬಳ ಕೊಡೋರು ಯಾರು?" ಅಂದಳು.

ನಗೆಮಾತು ಹಾಗಿರಲಿ. ಮೈಯ ಯಾವ ಭಾಗ ದುಡಿಯುತ್ತದೋ ಅಲ್ಲೇ ಜಡ್ಡು ಕಟ್ಟುವುದು. ಪೆಟ್ಟಿಗೆ ಹೊರುವವರಿಗೆ ಹೆಗಲಲ್ಲಿ ಕಟ್ಟಿತ್ತು, ತಪ್ಪಾಯ್ತಮ್ಮನಿಗೆ ನಾಲಿಗೆಯಲ್ಲಿ. "ಅದು ನನ್ನ ತಪ್ಪಲ್ಲ" ಎಂಬ ಮಾತು ಅವಳ ಬಾಯಿಗೆ ಬರುವುದೇ ನಿಂತುಹೋಯಿತು. ಬರಲೇಬೇಕಾಗಿದ್ದ ದಿನವೂ ಬರಲಿಲ್ಲ.

ಅದು ಅವಳ ಅಮ್ಮ ತೀರಿಕೊಂಡ ದಿನ. ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲಿ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬೆಳಿಗ್ಗೆಯೇ ಅಕ್ಕ ಹೋಟೆಲಿಗೆ ಫೋನು ಮಾಡಿ, "ಅಮ್ಮನಿಗೆ ಕಾಯಿಲೆ ತುಂಬಾ ಜೋರಾಗಿದೆ, ಅವಳನ್ನ ಈಗಲೇ ಕಳ್ಸಿ" ಎಂದಿದ್ದಳು. ಅಂದು ಹೋಟೆಲಿನ ತುಂಬ ಎರಡು ಬಸ್ಸಿನ ಜನ, ಬೆಟ್ಟದ ತುಂಬ ಮಂಜು. ಮಾಲೀಕ ಫೋನು ಕೆಳಗಿಟ್ಟ, ಕುರ್ಚಿಯ ಕಡೆ ನೋಡಿದ, ಕುರ್ಚಿಯ ಮುಂದೆ ಕೂಗಾಡುತ್ತಿದ್ದ ಸಾಲು ನೋಡಿದ, ಬಾಯಿ ಮುಚ್ಚಿಕೊಂಡ. ಮಧ್ಯಾಹ್ನ ಬಸ್ಸುಗಳು ಹೊರಟ ಮೇಲೆ, ಆಗತಾನೇ ಸುದ್ದಿ ಬಂದವನ ಹಾಗೆ ಓಡಿ ಬಂದು ಹೇಳಿದ. ಅವಳು ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ, ಸೇರಿದ್ದ ನೆಂಟರ ಮುಂದೆ, "ದಾರಿ ಬಿಡಿ, ಅತಿಥಿಗಳು ಬಂದ್ರು" ಅಂದಳು.

ಆಗ ತಪ್ಪಾಯ್ತಮ್ಮ ಮಾಡಿದ್ದೇನು? ಕೈ ಕಟ್ಟಿದಳು, ತಲೆ ತಗ್ಗಿಸಿದಳು, ಉಸಿರು ಬಿಟ್ಟಳು. "ತಪ್ಪಾಯ್ತು, ನಮ್ಮಿಂದ ತಪ್ಪಾಯ್ತು." ಮಂಜಿಗೆ ಹೇಳುವಂಥದ್ದು.

"ಇದು ಹೋಟೆಲಿನ ಮಾತು. ಅಲ್ಲೇ ಮಾರ್ಕೋ ಹೋಗು" ಎಂದು ಅಕ್ಕ ಮುಖ ತಿರುಗಿಸಿದಳು. ಅಲ್ಲಿಗೆ ಅಕ್ಕತಂಗಿಯರ ನಡುವೆ ಮಾತು ನಿಂತಿತು.

ಫೋನು ಬಂದದ್ದು ಬೆಳಿಗ್ಗೆಯೇ ಎಂದು ಆಮೇಲೆ ಹೇಳಿದವಳು ಅಡುಗೆಯವಳು. "ಹೋಗಿ ನಿಮ್ಮಕ್ಕನ ಹತ್ರ ನಡೆದದ್ದು ಹೇಳು" ಎಂದು ಅವಳು ಬೆನ್ನು ಹತ್ತಿದಳು. ತಪ್ಪಾಯ್ತಮ್ಮ ಎಷ್ಟೋ ಸಲ ಬಸ್ಸಿನ ಕಟ್ಟೆಯ ತನಕ ಹೋದಳು. ಅನ್ನ ಕೊಡುವವರನ್ನು ಆಡಿಕೊಳ್ಳುವುದು ಹೇಗೆ ಎಂಬುದೊಂದು, ಹೋದರೂ ಬಾಯಿ ಏಳುವುದಿಲ್ಲ ಎಂಬುದಿನ್ನೊಂದು. ಬಸ್ಸು ಹೋಗುತ್ತಿತ್ತು, ಇವಳು ಕುರ್ಚಿಗೆ ಮರಳುತ್ತಿದ್ದಳು. ಹೀಗೇ ವರ್ಷಗಳು ಉರುಳಿದವು. ಕಂಡವರ ಸಿಟ್ಟನ್ನೆಲ್ಲ ತಣಿಸುತ್ತಿದ್ದವಳಿಗೆ ಒಡಹುಟ್ಟಿದವಳ ಮುನಿಸೊಂದು ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಹೀಗಿರುವಾಗ ಒಂದು ದಿನ ಮಧ್ಯಾಹ್ನದ ಬಸ್ಸಿನಿಂದ ಅಕ್ಕನೇ ಇಳಿದಳು. ಜೊತೆಗೆ ಸೊಸೆ. ಕುರ್ಚಿಯಲ್ಲಿ ಯಾರೂ ಇಲ್ಲವೇನೋ ಎಂಬಂತೆ ಅಕ್ಕ ಕೌಂಟರಿನಲ್ಲಿ ಕೀಲಿ ಇಸಿದುಕೊಂಡು ಮೆಟ್ಟಿಲು ಹತ್ತಿದಳು. ಸೊಸೆ ಹಿಂದುಳಿದು ಪಿಸುಗುಟ್ಟಿದಳು.

"ಎಷ್ಟು ಹೋಟೆಲು ತೋರಿಸ್ದೆ ಚಿಕ್ಕತ್ತೆ, ಇದೇ ಆಗ್ಬೇಕು ಅಂತ ಹಠ. ಬೆಟ್ಟ ಹತ್ತಲ್ವಂತೆ, ಮಂಡಿ ನೋವಂತೆ. ಮತ್ಯಾಕೆ ಬಂದ್ರಿ ಅತ್ತೆ ಅಂದ್ರೆ, 'ನಿನ್ನ ಕೆಲಸ ನೋಡ್ಕೋ' ಅಂತಾರೆ!"

ಅವಳ ಮಾತು ಮುಗಿಯುವ ಮೊದಲೇ ಮೇಲಿನ ರೂಮಿನಿಂದ ಗಂಟೆ ಬಡಿಯಿತು. ದೂರೆಂದರೆ ತಪ್ಪಾಯ್ತಮ್ಮನೇ ಹೋಗಬೇಕಲ್ಲ, ಹೋದಳು. ಅಕ್ಕ ಬೆನ್ನು ಮಾಡಿ ಕೂತಿದ್ದಳು.

"ನೀರು ತಣ್ಣಗಿದೆ" ಎಂದು ಗೋಡೆಗೆ ಹೇಳಿದಳು.

"ತಪ್ಪಾಯ್ತು" ಎಂದು ಇವಳು ಬೆನ್ನಿಗೆ ಹೇಳಿದಳು.

ಕೆಳಗಿಳಿಯುವಷ್ಟರಲ್ಲಿ ಮತ್ತೆ ಗಂಟೆ. ಕಿಟಕಿ ಮುಚ್ಚುವುದಿಲ್ಲ. ತಪ್ಪಾಯ್ತು. ಮತ್ತೆ ಗಂಟೆ. ಟವೆಲು ಮುಗ್ಗಲು ವಾಸನೆ. ತಪ್ಪಾಯ್ತು. ಹತ್ತಿ ಇಳಿದು ತಪ್ಪಾಯ್ತಮ್ಮನಿಗೆ ಹಾಳೂರಿಗೇ ಹೋಗಿ ಬಂದಷ್ಟು ಏದುಸಿರು. ಅಡುಗೆಮನೆಯಲ್ಲಿ ಕೂತು ನೀರು ಕುಡಿಯುವಾಗ ಅಡುಗೆಯವಳು ಸೌಟು ತಿರುವುತ್ತಲೇ ಅಂದಳು: "ಹುಚ್ಚಿ, ನಿಮ್ಮಕ್ಕ ದೂರು ಹೇಳ್ತಿಲ್ಲ. ನಿನ್ನ ಕರೀತಿದ್ದಾಳೆ."

"ಹೆಸರು ಹಿಡಿದು ಕರೀಬಹುದಿತ್ತಲ್ಲ."

"ಅಷ್ಟು ಬಗ್ಗೋ ಮಂಡಿ ಆಗಿದ್ರೆ ಬೆಟ್ಟಾನೇ ಹತ್ತಿರೋಳು!"

ಸಂಜೆ, ಬೆಟ್ಟ ಇಳಿದು ಬಂದವರು ಕೌಂಟರಿನ ಮುಂದೆ ಶೂ ಬಿಚ್ಚಿ ಪಾದ ಹಿಚುಕಿಕೊಳ್ಳುವ ಹೊತ್ತು. ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದು ಕೀಲಿಯನ್ನು ಕೌಂಟರಿನ ಮೇಲೆ ಟಣ್ಣನೆ ಇಟ್ಟಳು.

"ಈ ಹೋಟೆಲಲ್ಲಿ ಒಂದೂ ಸರಿಯಿಲ್ಲ."

ಮಾಲೀಕ ಗದ್ದ ಎತ್ತಿ ಕುರ್ಚಿಯ ಕಡೆ ತೋರಿಸಿದ. ತಪ್ಪಾಯ್ತಮ್ಮ ಪೂರ್ತಿ ಎದ್ದಳು. ಕೈ ಕಟ್ಟಿದಳು. "ತಪ್ಪಾಯ್ತು, ನಮ್ಮಿಂದ..."

"ನಿಲ್ಲಿಸೇ!" ಅಕ್ಕ ಕೌಂಟರು ಗುದ್ದಿದಳು. "ಯಾವುದಕ್ಕೆ ತಪ್ಪಾಯ್ತು? ಟವೆಲಿಗಾ, ಅಮ್ಮನಿಗಾ? ಎರಡಕ್ಕೂ ಒಂದೇ ಮಾತಾ ನಿನ್ನ ಹತ್ರ? ಕಣ್ಣು ಮುಚ್ಚೋ ತನಕ ಬಾಗಿಲು ನೋಡ್ತಿದ್ಲು ಅಮ್ಮ. ಬೆಳಿಗ್ಗೆನೇ ಹೇಳಿ ಕಳ್ಸಿದ್ದೆ ನಾನು. ನೀನು ಬರಬಹುದಿತ್ತು."

ಪಾದ ಹಿಚುಕುತ್ತಿದ್ದ ಕೈಗಳೆಲ್ಲ ನಿಂತವು. ತಪ್ಪಾಯ್ತಮ್ಮ ಬಾಯಿ ತೆರೆದಳು. ಬಹಳ ಕಾಲ ತಿರುವದೆ ಬಿಟ್ಟ ಕೊಳಾಯಿಯ ಹಾಗೆ, ಮೊದಲು ಬರೀ ಗಾಳಿ ಬಂತು. ಆಮೇಲೆ ಒಮ್ಮೆಗೇ ಧುಮ್ಮಿಕ್ಕಿತು.

"ಅದು ನನ್ನ ತಪ್ಪಲ್ಲ! ನನ್ನ ತಪ್ಪಲ್ಲ ಅಕ್ಕ! ನೀನು ಫೋನು ಮಾಡಿದ್ದು ಬೆಳಿಗ್ಗೆ, ನನ್ನ ಕಿವಿಗೆ ಬಿದ್ದದ್ದು ಮಧ್ಯಾಹ್ನ. ಅಮ್ಮ ಅಲ್ಲಿ ಬಾಗಿಲು ನೋಡ್ತಿದ್ದಾಗ ನಾನಿಲ್ಲಿ ಕಂಡೋರಿಗೆಲ್ಲ ಮಂಜು ಬಿದ್ದದ್ದಕ್ಕೆ ತಪ್ಪಾಯ್ತು ಅಂತ ಹೇಳ್ತಾ ನಿಂತಿದ್ದೆ. ಗೊತ್ತೇ ಇರ್ಲಿಲ್ಲ ನನಗೆ. ಫೋನು ತಗೊಂಡೋರು ಅಗೋ ಅಲ್ಲಿದ್ದಾರೆ, ಅವರನ್ನ ಕೇಳು!"

ಎಲ್ಲರೂ ಮಾಲೀಕನ ಕಡೆ ತಿರುಗಿದರು. ಮಾಲೀಕ ಅಲ್ಲಿರಲಿಲ್ಲ. ಕೌಂಟರಿನ ಹಿಂದೆ ಬಗ್ಗಿ ಏನನ್ನೋ ಹುಡುಕುತ್ತಿದ್ದ.

"ಏನು ಕಳ್ಕೊಂಡ್ರಿ ಯಜಮಾನ್ರೇ?" ಎಂದು ಅಕ್ಕ ಮೇಲಿನಿಂದ ಬಗ್ಗಿ ಕೇಳಿದಳು. ಅಷ್ಟಕ್ಕೆ ಮಂಡಿ ನೋವು ಅಡ್ಡ ಬರಲಿಲ್ಲ.

ಮಾಲೀಕನ ತಲೆ ಮೆಲ್ಲಗೆ ಮೂಡಿತು. ಬೆವರು ಒರೆಸಿಕೊಂಡ. ಎಷ್ಟೋ ವರ್ಷದ ಅಭ್ಯಾಸ ನೋಡಿ, ಕಣ್ಣು ತಾನಾಗಿ ಕುರ್ಚಿಯ ಕಡೆ ಹೋಯಿತು.

"ಅಮ್ಮಾ, ಇವರಿಗೆ ಸ್ವಲ್ಪ... ಅದೊಂದು ಹೇಳ್ಬಿಡಿ."

"ಯಾವುದನ್ನ ಯಜಮಾನ್ರೇ?"

"ಅದೇ... ನಮ್ಮಿಂದ ತಪ್ಪಾಯ್ತು ಅಂತ."

ಪುಸ್ತಕ ಹಿಡಿದಿದ್ದ ಒಬ್ಬ ಗಿರಾಕಿ ಫಕ್ಕನೆ ನಕ್ಕುಬಿಟ್ಟ. ತಪ್ಪಾಯ್ತಮ್ಮನಿಗೆ ನಗು ಬರಲಿಲ್ಲ. "ನನಗೆ ನಾನೇ ಹೇಳ್ಕೊಳ್ಳಲಾ?" ಎಂದಳು. "ಇದೊಂದು ನೀವೇ ಹೇಳಿ."

"ಏನಾದ್ರೂ ತಪ್ಪಾಗಿದ್ರೆ..." ಎಂದು ಮಾಲೀಕ ಶುರು ಮಾಡಿದ.

"ಆಗಿದ್ರೆ ಅಂದ್ರೇನು?" ಎಂದಳು ಅಕ್ಕ.

"ಅವತ್ತು ಎರಡು ಬಸ್ಸು ಜನ ಇದ್ರು, ಮೇಲೆ ಮಂಜು ಬೇರೆ..."

"ಮಂಜು ಫೋನು ತಗೊಂಡಿರ್ಲಿಲ್ಲ."

ಅನ್ನದಲ್ಲಿ ಸಿಕ್ಕ ಕಲ್ಲು ಉಗುಳುವವನ ಹಾಗೆ ಮಾಲೀಕ ಕೊನೆಗೂ "ತಪ್ಪಾಯ್ತು" ಅಂದ. ಬೆಟ್ಟಕ್ಕಾಗಲಿ ಹೋಟೆಲಿಗಾಗಲಿ ಏನೂ ಆಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಹೆಂಗಸು, ಇಷ್ಟು ಹೊತ್ತೂ ಫೋನಿನಲ್ಲಿ ಎಲ್ಲವನ್ನೂ ಹಿಡಿದುಕೊಂಡವಳು, "ಇದು ದಿನಾ ಸಂಜೆ ಇರುತ್ತಾ?" ಎಂದು ಕೇಳಿದಳು. ಆ ಸ್ಥಿತಿಯಲ್ಲೂ ಮಾಲೀಕನ ಮುಖ ಒಂದು ಗಳಿಗೆ ಅರಳಿ ಮತ್ತೆ ಬಾಡಿತು.

ತನ್ನ ಕೆಲಸ ಹೋಯಿತೆಂದೇ ತಪ್ಪಾಯ್ತಮ್ಮ ಸ್ವೆಟರಿನ ಗುಂಡಿಗೆ ಕೈ ಹಾಕಿದಳು. ಮಾಲೀಕ ಕಿಟಕಿಯಾಚೆ ನೋಡಿದ. ಬೆಟ್ಟದ ಮೇಲೆ ಆಗಲೇ ಮಂಜು ಇಳಿಯುತ್ತಿತ್ತು, ಬೆಳಿಗ್ಗೆ ಎರಡು ಬಸ್ಸು ಬರುವುದಿತ್ತು, ತನ್ನ ಬಾಯಿಯ ತಪ್ಪಾಯ್ತು ಎಷ್ಟು ಬಾಳುತ್ತದೆಂಬುದೂ ಈಗತಾನೇ ಗೊತ್ತಾಗಿತ್ತು. "ಇರಲಿ, ಹಾಕ್ಕೊಳ್ಳಿ ಅಮ್ಮ, ಚಳಿ ಇದೆ" ಅಂದ.

ಅಕ್ಕನನ್ನು ತೋಳು ಹಿಡಿದು ತಪ್ಪಾಯ್ತಮ್ಮನೇ ಮೇಲೆ ಹತ್ತಿಸಿದಳು.

"ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?"

"ಬಾಯಿಗೆ ಬರ್ಲಿಲ್ಲ."

"ಬರ್ಲಿಲ್ವಂತೆ! ಚಿಕ್ಕವಳಿದ್ದಾಗ ಲೋಟ ನೀನು ಒಡೆಯೋದು, 'ನಾನಲ್ಲ, ಅಕ್ಕ' ಅಂತ ಬೊಬ್ಬೆ ಹಾಕೋದು. ಎಷ್ಟು ಏಟು ತಿಂದಿದ್ದೀನಿ ನಿನ್ನ ದೆಸೆಯಿಂದ." ಅಕ್ಕ ಮಂಚದ ಮೇಲೆ ಕೂತಳು. ಮಂಡಿ ನೀವಿಕೊಂಡಳು. "ಅವತ್ತು ಬಾಗಿಲಲ್ಲಿ ನಾನು ಅತಿಥಿ ಅಂದದ್ದು... ಅದು ನಾನು..."

"ಬಿಡಕ್ಕ. ನಿನಗೆ ಅದನ್ನ ಹೇಳೋಕೆ ಬರಲ್ಲ. ನನಗೂ ಕೇಳೋಕೆ ಬೇಡ, ಇಡೀ ದಿನ ಅದೇ ಕಸುಬು."

ಅಕ್ಕ ಮೂಗು ಒರೆಸಿಕೊಂಡು, ಒರಗಿ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು. "ಈ ದಿಂಬು ಕಲ್ಲಿನ ಹಾಗಿದೆ."

ತಪ್ಪಾಯ್ತಮ್ಮನ ಕೈಗಳು ತಾವಾಗಿ ಕಟ್ಟಿಕೊಳ್ಳಲು ಮೇಲೆದ್ದವು. ಅರ್ಧಕ್ಕೆ ನಿಂತವು.

"ಇರೋದೇ ಅದು. ತಲೆಗೆ ಬೇಡವಾದ್ರೆ ಮಂಡಿ ಕೆಳಗೆ ಇಟ್ಕೋ."

ಅಕ್ಕ ಅವಳನ್ನು ದುರುಗುಟ್ಟಿ ನೋಡಿ, ದಿಂಬನ್ನು ಎಳೆದು ಮಂಡಿಯ ಕೆಳಗೆ ಇಟ್ಟುಕೊಂಡಳು. ಹೊರಗಿನ ಮಂಜು ಒಳಗೆ ಇಣುಕುತ್ತಿತ್ತು.

"ಗಾಳಿ ಬರ್ತಿದೆ. ಆ ಕಿಟಕಿ ಹಾಕೇ."

"ಅದು ಮುಚ್ಚಲ್ಲ ಅಕ್ಕ."

"ಮಧ್ಯಾಹ್ನದಿಂದ ನಾನು ಹೇಳ್ತಿರೋದೂ ಅದನ್ನೇ!"