ಭರಣಿಯ ತಳದ ಹೆಸರು

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಜನಿಗೆ ಬೆಳ್ಳಿ ಲೇಪ ಹಾಕುವ ಪುಟ್ಟ ಅಂಗಡಿಯಿದೆ. ಕೆಲಸ ಕಲಿಸಿದ್ದು ಅಪ್ಪ. "ನೀರಿಗೆ ಆಸಿಡ್ ಹಾಕ್ಬೇಕು ಮಗಳೇ, ಆಸಿಡ್ಡಿಗೆ ನೀರು ಹಾಕ್ಬಾರ್ದು, ಸಿಡಿಯುತ್ತೆ" ಎಂಬುದು ಅವನ ಮೊದಲ ಪಾಠ. ಹತ್ತೊಂಬತ್ತಕ್ಕೆ ಕೈಗವಸು ತೊಟ್ಟವಳಿಗೆ ಈಗ ನಲವತ್ತೇಳು.

ಕಸುಬಿಗಿಳಿದ ಹೊಸದರಲ್ಲಿ ಅವಳಿಂದ ಒಂದು ತಪ್ಪಾಗಿತ್ತು. ಸಾವಿತ್ರಿಬಾಯಿ ಎಂಬುವರು ತಂದ ಗಿಲಕಿಯ ಮೇಲಿದ್ದ ಸಣ್ಣ ತಗ್ಗುಗಳನ್ನು ಪಾಲಿಶ್ ಚಕ್ರಕ್ಕೆ ಹಿಡಿದು ನುಣ್ಣಗೆ ಮಾಡಿಬಿಟ್ಟಿದ್ದಳು. ಅವು ಅವರ ಮಗಳ ಮೊದಲ ಹಲ್ಲಿನ ಗುರುತು. ಆ ತಾಯಿ ಬೈಯಲಿಲ್ಲ. ಗಿಲಕಿಯನ್ನು ತಿರುವಿ ತಿರುವಿ ನೋಡಿ, "ಚೆಂದಾಗೈತಿ" ಎಂದು ಹೊರಟುಹೋದರು. ಅಂದಿನಿಂದ ರಜನಿ, "ಇದ್ರಲ್ಲಿ ಏನಾದ್ರೂ ಉಳೀಬೇಕಾ?" ಎಂದು ಕೇಳದೆ ಯಾವ ವಸ್ತುವನ್ನೂ ಮುಟ್ಟುವುದಿಲ್ಲ.

ಹೋದ ಶ್ರಾವಣದಲ್ಲಿ ಕುಪ್ಪಗಡ್ಡೆಯಿಂದ ಎಪ್ಪತ್ತು ದಾಟಿದ ಮಾರಪ್ಪ ಹಿತ್ತಾಳೆಯ ಕುಂಕುಮದ ಭರಣಿಯೊಂದನ್ನು ತಂದರು. ಹೆಂಡತಿ ಹೂವಮ್ಮನದು. ಬೆಳ್ಳಿ ಸವೆದು ಹಳದಿ ಇಣುಕುತ್ತಿತ್ತು. ಅವರ ಮದುವೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಅದು ಹೊಳೆಯಬೇಕಿತ್ತು.

"ಉಳೀಬೇಕಾದ್ದೇನಿಲ್ಲ, ಅಳಿಸ್ಬೇಕಾದ್ದೈತೆ" ಎಂದು ಭರಣಿ ಮಗುಚಿದರು. ತಳದಲ್ಲಿ ಮೊಳೆಯಿಂದ ಕೊರೆದ ಸೊಟ್ಟ ಅಕ್ಷರ: ಹುವಮ್ಮ.

"ವಯಸ್ಕರ ಶಾಲೇಲಿ ಆಗಷ್ಟೇ ಅಕ್ಷರ ಕಲ್ತಿದ್ದೆ ಕಣಮ್ಮ. ದೀರ್ಘ ಬಿಟ್ಟೋಯ್ತು. ಮೊಮ್ಮಗಳು ಓದಿ ಓದಿ ನಗ್ತಾಳೆ."

ರಜನಿಗೆ ಮನಸ್ಸಾಗಲಿಲ್ಲ. "ಭರಣಿ ಅಮ್ಮೋರ್ದಲ್ವಾ? ಅವ್ರನ್ನ ಒಂದು ಮಾತು ಕೇಳ್ತೀನಿ." ಮಾರಪ್ಪ ಒಲ್ಲದ ಮನಸ್ಸಿನಿಂದ ಮನೆಗೆ ಫೋನ್ ಹಚ್ಚಿಕೊಟ್ಟರು.

"ಅಯ್ಯೋ, ಅದನ್ನ ಮುಟ್ಬೇಡ್ರೀ!" ಹೂವಮ್ಮನ ದನಿ ಓಣಿಗೆಲ್ಲ ಕೇಳಿಸಿತು. "ಬೆಳಗಿಂದ ಮಧ್ಯಾಹ್ನದವರೆಗೂ ಜಗಲಿ ಮೇಲೆ ಕುಂತು ಕೊರೆದಿದ್ರು. ಮೊಳೆ ಬೆರಳಿಗೆ ಚುಚ್ಚಿದ್ರೂ ಬಿಡ್ಲಿಲ್ಲ. ನನ್ನ ಹೆಸರನ್ನ ನಾನು ಮೊದ್ಲು ನೋಡಿದ್ದೇ ಅಲ್ಲಿ."

ಮಾರಪ್ಪ ಬೀದಿಯ ಕಡೆ ಮುಖ ತಿರುಗಿಸಿ ನಿಂತರು.

ಕೆಲಸ ಮಾತ್ರ ಸಲೀಸಾಗಿರಲಿಲ್ಲ. ಚಕ್ರಕ್ಕೆ ಹಿಡಿದರೆ ಗೆರೆ ಅಳಿಯುತ್ತದೆ, ಹಿಡಿಯದಿದ್ದರೆ ಗೆರೆಯೊಳಗಿನ ಜಿಡ್ಡು ಉಳಿದು ಬೆಳ್ಳಿ ಕೂರುವುದಿಲ್ಲ. ರಜನಿ ಭರಣಿಯನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ತೆಳು ಆಸಿಡ್ಡಿನಲ್ಲಿ ಅದ್ದಿ ತೊಳೆದಳು. ಬೆಳ್ಳಿಯ ದ್ರಾವಣದಲ್ಲಿ ಅದನ್ನು ಋಣ ತಂತಿಗೆ ತೂಗುಹಾಕಿ, ಎದುರಿಗೆ ಧನ ತಂತಿಗೆ ಬೆಳ್ಳಿಯ ತಗಡು ಕಟ್ಟಿದಳು. ಕರೆಂಟು ಹರಿದಂತೆ ತಗಡಿನ ಬೆಳ್ಳಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕರಗುತ್ತಿತ್ತು. ದ್ರಾವಣದ ಬೆಳ್ಳಿ ಬಂದು ಭರಣಿಯ ಮೇಲೆ ಕೂರುತ್ತಿತ್ತು. ಮೊದಲ ಸಲ ಕರೆಂಟು ಹೆಚ್ಚಾಗಿ ಅಂಚು ಕಪ್ಪಾಯಿತು. ಲೇಪವನ್ನೆಲ್ಲ ತೆಗೆದು ಮತ್ತೆ ಶುರುಮಾಡಿದಳು. ಗೆರೆಯ ತಗ್ಗಿಗೆ ಬೆಳ್ಳಿ ಇಳಿಯುವುದು ನಿಧಾನ. ಈ ಸಲ ಕರೆಂಟು ತಗ್ಗಿಸಿ, ಊಟಕ್ಕೂ ಏಳದೆ ಪಕ್ಕದಲ್ಲೇ ಕೂತಳು.

ಶುಕ್ರವಾರ ಗಂಡ ಹೆಂಡತಿ ಇಬ್ಬರೂ ಬಂದರು. ಹೂವಮ್ಮ ಮುಚ್ಚಳವನ್ನೂ ನೋಡದೆ ನೇರ ತಳ ತಿರುಗಿಸಿದರು. ಮೂರೂ ಅಕ್ಷರ ಬೆಳ್ಳಗೆ ನಿಂತಿದ್ದವು. ಅವರು ಒಂದೊಂದರ ಮೇಲೂ ಬೆರಳಾಡಿಸಿದರು.

"ಈಗಾದ್ರೂ ಒಂದು ದೀರ್ಘ ಹಾಕ್ಲೇನೇ?" ಎಂದರು ಮಾರಪ್ಪ.

"ಬಾಯಲ್ಲಿ ದೀರ್ಘವಾಗಿ ಕರೀರಿ, ಅಷ್ಟು ಸಾಕು."

ರಜನಿ ನಗುತ್ತಾ ಕೈಗವಸು ಕಳಚಿ, ಕೈ ತೊಳೆದು, ಮೂವರಿಗೂ ಚಹಾ ತರಿಸಿದಳು.